ಶೇಂಗಾ, ಬೆಲ್ಲ ಮತ್ತು ಒಂದಿಷ್ಟು ಚಾಕೊಲೇಟ್

ಕ್ರಿಸ್‌ಮಸ್ ಹತ್ತಿರವಾದಂತೆ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ಈ ಸಲ ಏನು ಮಾಡೋಣ? ಮಂಗಳೂರು ಕಡೆಯವರಿಗೆ ಈ ಚಿಂತೆ ಕಡಿಮೆ. ಅವರ ಕುಸ್ವಾರಿನ ತಟ್ಟೆಯಲ್ಲಿ ನೆವ್ರಿ, ಕಿಡಿಯೊ, ಗುಳಿಯೊಗಳಿಗೆ ಹಿಂದಿನಿಂದಲೂ ಗಟ್ಟಿಯಾದ ಸ್ಥಾನವಿದೆ. ಬೀದರ್, ಕಲಬುರಗಿ ಕಡೆಯ ನಮಗೆ ಶೇಂಗಾ ಉಂಡಿ, ಕರ್ಚಿಕಾಯಿ, ಶಂಕರಪಾಳಿ, ಚಕ್ಕುಲಿ ಆಯಿತೆಂದರೆ ಹಬ್ಬ ಆದಂತೆಯೇ. ಆದರೆ ಮಕ್ಕಳು ಈಗ ಕೇಳುವುದು ಇವನ್ನಲ್ಲ. ಅವರಿಗೆ ಚಾಕೊಲೇಟ್ ಬೇಕು. ಅದರಲ್ಲೂ ಗೋಡಂಬಿಯೋ ಬಾದಾಮಿಯೋ ಹುದುಗಿಸಿ, ಉದ್ದಕ್ಕೆ ಪಟ್ಟಿಯಂತೆ ಕತ್ತರಿಸಿದ 'ಬಾರ್' ಬೇಕು. ಬೇಕರಿಯ ಗಾಜಿನ ಕಪಾಟಿನಲ್ಲಿ ಅದನ್ನು ಕಂಡ ಮಕ್ಕಳಿಗೆ ಉಂಡಿಯ ಮೇಲೆ ಕಣ್ಣು ನಿಲ್ಲದು.

ಈ ಬಾರ್ ಎಂಬುದು ಅಂಥ ದೊಡ್ಡ ವಿದ್ಯೆಯೇನಲ್ಲ. ಕೇಕಿನ ಹಾಗೆ ಉಬ್ಬಬೇಕಾಗಿಲ್ಲ, ಬಿಸ್ಕತ್ತಿನ ಹಾಗೆ ಒಂದೊಂದನ್ನೇ ತಟ್ಟಬೇಕಾಗಿಲ್ಲ. ಒಂದೇ ತಟ್ಟೆಯಲ್ಲಿ ಒಟ್ಟಿಗೆ ಬೇಯಿಸಿ, ಆರಿದ ಮೇಲೆ ಕತ್ತರಿಸಿದರೆ ಮುಗಿಯಿತು. 1893ರಲ್ಲಿ ಅಮೆರಿಕದ ಷಿಕಾಗೋ ನಗರದಲ್ಲಿ ನಡೆದ ದೊಡ್ಡ ಪ್ರದರ್ಶನಕ್ಕೆ ಬರುವ ಮಹಿಳೆಯರ ಬುತ್ತಿಯ ಡಬ್ಬಿಗೆಂದು, ಕೈಗೆ ಅಂಟದ ಸಣ್ಣ ಸಿಹಿಯೊಂದನ್ನು ಮಾಡಿಕೊಡಿರೆಂದು ಬರ್ಥಾ ಪಾಮರ್ ಎಂಬಾಕೆ ಪಾಮರ್ ಹೌಸ್ ಹೋಟೆಲಿನ ಅಡುಗೆಯವರನ್ನು ಕೇಳಿದರಂತೆ. ಅಕ್ರೋಟು ಹಾಕಿದ ಆ ಚಾಕೊಲೇಟ್ ತುಂಡೇ ಇಂದಿನ ಬ್ರೌನಿಯ ಮೂಲ ಎಂದು ಹೇಳುತ್ತಾರೆ. ಅಂದರೆ ಹುಟ್ಟಿನಿಂದಲೇ ಇದು ಬುತ್ತಿಯ ತಿಂಡಿ. ಮೇಜಿನ ಮೇಲೆ ಅಲಂಕರಿಸಿ ಇಡುವ ತಿಂಡಿಯಲ್ಲ.

ಹಾಗಾದರೆ ನಮ್ಮ ಬುತ್ತಿಗೆ ಅದನ್ನು ಹೊಂದಿಸಿಕೊಳ್ಳುವುದು ಹೇಗೆ? ಜಹೀರಾಬಾದ್, ನಾರಾಯಣಖೇಡ, ತಾಂಡೂರು ಈ ಮೂರು ಊರುಗಳ ಅಂಗಡಿಗಳಲ್ಲಿ ಸಿಗುವ ಸಾಮಾನುಗಳಿಂದಲೇ ಇದನ್ನು ಮಾಡಲು ಸಾಧ್ಯವೇ? ಸಾಧ್ಯವಿದೆ ಎಂಬುದಷ್ಟೇ ಅಲ್ಲ, ಈ ಸೀಮೆಗೆ ಇದು ಬೇರೆಲ್ಲಿಗಿಂತ ಚೆನ್ನಾಗಿ ಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಮೂರು ಹೆಸರಿನ ಕಾಳು

ಈ ಮೂರೂ ಊರುಗಳು ಇಂದು ತೆಲಂಗಾಣದಲ್ಲಿವೆ. ಆದರೆ 1956ರ ನವೆಂಬರ್ 1ರವರೆಗೆ ಜಹೀರಾಬಾದ್ ಮತ್ತು ನಾರಾಯಣಖೇಡ ತಾಲ್ಲೂಕುಗಳು ಬೀದರ್ ಜಿಲ್ಲೆಯಲ್ಲೂ ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲೂ ಇದ್ದವು. ಗೆರೆ ಬಿದ್ದದ್ದು ನಕ್ಷೆಯ ಮೇಲೆ, ಅಡುಗೆಮನೆಯಲ್ಲಿ ಬೀಳಲಿಲ್ಲ. ಇಂದಿಗೂ ಒಂದೇ ಕಿರಾಣಿ ಅಂಗಡಿಯಲ್ಲಿ ಒಬ್ಬರು ಶೇಂಗಾ ಎಂದು ಕೇಳುತ್ತಾರೆ, ಮತ್ತೊಬ್ಬರು ಪಲ್ಲಿ ಎನ್ನುತ್ತಾರೆ, ಮೂರನೆಯವರು ಮೂಂಗ್‌ಫಲ್ಲಿ ಎನ್ನುತ್ತಾರೆ. ಅಂಗಡಿಯವರು ಒಂದೇ ಚೀಲಕ್ಕೆ ಕೈಹಾಕುತ್ತಾರೆ. ಶೇಂಗಾ ಬೆಲ್ಲ ಸೇರಿಸಿ ಮಾಡುವ ನಮ್ಮ ಚಿಕ್ಕಿಯೇ ಅಲ್ಲಿಯ ಪಲ್ಲಿ ಪಟ್ಟಿ. ಪಟ್ಟಿ ಎಂದರೂ ಬಾರ್ ಎಂದರೂ ಒಂದೇ ಅಲ್ಲವೇ? ಆದ್ದರಿಂದ ಹೆಸರಿಗಾದರೂ ಇದು ನಮಗೆ ಹೊಸತಲ್ಲ.

ಬೇಕರಿಯ ಬಾರಿನಲ್ಲಿ ಗೋಡಂಬಿ, ಬಾದಾಮಿ, ಅಕ್ರೋಟುಗಳದ್ದೇ ದೊಡ್ಡಸ್ತಿಕೆ. ಅವು ಹಾಕಬಾರದೆಂದಲ್ಲ. ಆದರೆ ಅವುಗಳ ಬೆಲೆಯಿಂದಾಗಿಯೇ ಎಷ್ಟೋ ಮನೆಗಳಲ್ಲಿ ಬಾರ್ ಮಾಡುವ ಮಾತು ಅಲ್ಲಿಗೇ ನಿಲ್ಲುತ್ತದೆ. ಹದವಾಗಿ ಹುರಿದ ಶೇಂಗಾಕ್ಕೂ ಕಪ್ಪು ಚಾಕೊಲೇಟಿಗೂ ಇರುವ ಹೊಂದಾಣಿಕೆ ಬಾದಾಮಿಗೂ ಇಲ್ಲವೆಂದೇ ನಾವು ಹೇಳುತ್ತೇವೆ. ಶೇಂಗಾದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಎಣ್ಣೆ, ಕಾಲುಭಾಗ ಪ್ರೋಟೀನು ಇರುತ್ತದೆ. ಅದರ ಜೊತೆಗೆ ಒಂದು ಹಿಡಿ ಬಿಳಿ ಎಳ್ಳು, ಒಂದು ಹಿಡಿ ಪುಟಾಣಿ ಸೇರಿದರೆ ತಿನ್ನುವಾಗ ಹಲ್ಲಿಗೂ ಕೆಲಸ, ನಾಲಿಗೆಗೂ ಸುಖ. ಗುರೆಳ್ಳು ಹಾಕಿ ನೋಡಿದವರೂ ಇದ್ದಾರೆ. ಅದರ ಒಗರು ಚಾಕೊಲೇಟಿನ ಕಹಿಯ ಜೊತೆ ಹೊಂದದು. ತಾಂಡೂರಿನ ತೊಗರಿಗೆ 2022ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಆ ಹೆಮ್ಮೆಯಿಂದ ಯಾರೂ ಅದನ್ನು ಬಾರಿಗೆ ಹಾಕಲು ಹೋಗಬಾರದು. ಅದರ ಜಾಗ ಸಾರಿನ ಪಾತ್ರೆಯಲ್ಲೇ!

ಬಾರ್ ಎಂಬ ಆಕಾರ ಈ ಸೀಮೆಯಲ್ಲಿ ಮತ್ತೊಂದು ಕಡೆಯಿಂದಲೂ ಬಂದಿದೆ. ಜಹೀರಾಬಾದಿನಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಪಟಾನ್‌ಚೆರು ಸಿಗುತ್ತದೆ. ಅಲ್ಲಿ 1972ರಲ್ಲಿ ಸ್ಥಾಪನೆಯಾದ ಇಕ್ರಿಸ್ಯಾಟ್ ಎಂಬ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾಗಳ ಮೇಲೆ ಕೆಲಸ ಮಾಡುತ್ತಿದೆ. ತೆಲಂಗಾಣದ ಬುಡಕಟ್ಟು ಪ್ರದೇಶದ ಅಂಗನವಾಡಿ ಮಕ್ಕಳಿಗಾಗಿ ರೂಪುಗೊಂಡ 'ಗಿರಿ ಪೋಷಣ' ಯೋಜನೆಯಲ್ಲಿ ಈ ಸಂಸ್ಥೆಯ ನೆರವಿನಿಂದ ಜೋಳದ ಬಾರ್, ಶೇಂಗಾದ ಬಾರ್‌ಗಳನ್ನು ಮಾಡಿ ಹಂಚಲಾಗಿದೆ. ವಿಜ್ಞಾನಿಗಳೇ ಜೋಳ, ಶೇಂಗಾ ಸೇರಿಸಿ ಪಟ್ಟಿ ಮಾಡಿರುವಾಗ ನಾವು ಸಂಕೋಚಪಡುವುದೇಕೆ?

ಕಾಳು ಆರಿಸುವ ಕೆಲಸ

ಇಲ್ಲಿ ಒಂದು ಗಂಭೀರ ಮಾತು. ಬಾರ್ ಕೆಟ್ಟಿತೆಂದರೆ ಎಲ್ಲರೂ ಓವನ್ನಿನ ಮೇಲೆ ತಪ್ಪು ಹೊರಿಸುತ್ತಾರೆ. ನಿಜಕ್ಕೂ ಬಾರಿನ ಒಳ್ಳೆಯದು ಕೆಟ್ಟದ್ದು ನಿರ್ಧಾರವಾಗುವುದು ಮೊರದಲ್ಲಿ.

ಶೇಂಗಾವನ್ನು ಸರಿಯಾಗಿ ಒಣಗಿಸದೆ ತೇವದಲ್ಲಿ ಇಟ್ಟರೆ ಅದಕ್ಕೆ ಒಂದು ಬಗೆಯ ಹಸಿರು ಬೂಸ್ಟು ಹಿಡಿಯುತ್ತದೆ. ಆ ಬೂಸ್ಟು ಬಿಡುವ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರು. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಕಾರಣ ತಿಳಿಯದೆ ಸತ್ತವು. ಹುಡುಕುತ್ತಾ ಹೋದಾಗ ಅವುಗಳ ಮೇವಿನಲ್ಲಿದ್ದ ಶೇಂಗಾ ಹಿಂಡಿಯಲ್ಲಿ ಈ ವಿಷ ಪತ್ತೆಯಾಯಿತು. ನಮ್ಮ ದೇಶದಲ್ಲೇ 1974ರಲ್ಲಿ ರಾಜಸ್ಥಾನ, ಗುಜರಾತ್ ಗಡಿಯ ಹಳ್ಳಿಗಳಲ್ಲಿ ಬೂಸ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಮಂದಿ ಯಕೃತ್ತು ಕೆಟ್ಟು ತೀರಿಕೊಂಡರು. ಪಟಾನ್‌ಚೆರುವಿನ ಸಂಸ್ಥೆ ಈ ವಿಷವನ್ನು ಕಡಿಮೆ ಖರ್ಚಿನಲ್ಲಿ ಪರೀಕ್ಷಿಸುವ ಸಾಧನವನ್ನೂ ರೂಪಿಸಿದೆ.

ಹುರಿದರೆ ಎಲ್ಲ ವಿಷವೂ ಹೋಗುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಅದು ಸರಿಯಲ್ಲ, ಹುರಿಯುವುದರಿಂದ ಬೂಸ್ಟು ಸಾಯಬಹುದು, ವಿಷ ಪೂರ್ತಿ ಹೋಗುವುದಿಲ್ಲ. ಚಾಕೊಲೇಟಿನ ಕಂದು ಬಣ್ಣದಲ್ಲಿ ಕೆಟ್ಟ ಕಾಳು ಕಣ್ಣಿಗೂ ಬೀಳದು, ಅದರ ಕಹಿ ನಾಲಿಗೆಗೂ ಸಿಗದು. ಆದ್ದರಿಂದಲೇ ಈ ತಿಂಡಿಗೆ ಕಾಳು ಆರಿಸುವಾಗ ಚಟ್ನಿಪುಡಿಗೆ ಆರಿಸುವುದಕ್ಕಿಂತ ಹೆಚ್ಚು ಎಚ್ಚರ ಬೇಕು. ಮುರುಟಿದ್ದು, ಕಪ್ಪಾದದ್ದು, ಹಸಿರು ಅಥವಾ ಬೂದಿ ಪುಡಿ ಕಂಡದ್ದು, ಹುಳು ಕೊರೆದದ್ದು ಇವನ್ನೆಲ್ಲ ತೆಗೆದುಬಿಡಬೇಕು. ದನಕ್ಕೂ ಕೋಳಿಗೂ ಹಾಕದೆ ಎಸೆಯಬೇಕು. ಒಡೆದ ಬೇಳೆಗಿಂತ ಇಡೀ ಕಾಳು ಕೊಳ್ಳುವುದು ಉತ್ತಮ. ಹುರಿದ ಮೇಲೆ ಸಿಪ್ಪೆ ಉಜ್ಜಿ ಊದಿ, ನಾಲ್ಕೈದು ಕಾಳು ಬಾಯಿಗೆ ಹಾಕಿಕೊಂಡು ನೋಡಿ. ಕಮಟು ವಾಸನೆ ಬಂದರೆ ಆ ಚೀಲವನ್ನು ಮುಟ್ಟಬೇಡಿ, ಅಂಗಡಿಯವರು ಎಷ್ಟೇ ಪರಿಚಯದವರಾಗಿರಲಿ.

ಪುತ್ತೂರಿನ ಚಾಕೊಲೇಟ್

ಚಾಕೊಲೇಟ್ ಎಂದ ಕೂಡಲೇ ಸ್ವಿಟ್ಜರ್ಲೆಂಡಿನ ನೆನಪಾಗುವುದು ಸಹಜ. ಆದರೆ ನಮ್ಮ ಕರ್ನಾಟಕದ್ದೇ ಕಥೆಯೊಂದು ಇದೆ. 1973ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ ಮೂಲತಃ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆ. ಅಡಿಕೆ ತೋಟದ ನೆರಳಿನಲ್ಲಿ ಕೋಕೋ ಬೆಳೆದಿದ್ದ ದಕ್ಷಿಣ ಕನ್ನಡ, ಕಾಸರಗೋಡಿನ ರೈತರು ಎಪ್ಪತ್ತರ ದಶಕದ ಕೊನೆಗೆ ಬೆಲೆ ಕುಸಿದು, ಕೊಳ್ಳುವವರಿಲ್ಲದೆ ಕಂಗಾಲಾದರು. ಆಗ ಸಂಸ್ಥೆ ಕೋಕೋ ಖರೀದಿಗೆ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ತನ್ನದೇ ಚಾಕೊಲೇಟ್ ಕಾರ್ಖಾನೆಯನ್ನೂ ತೆರೆಯಿತು. ರೈತರೇ ಒಡೆಯರಾದ ಚಾಕೊಲೇಟ್ ಇದು. ಕೈಗೆ ಸಿಕ್ಕಿದರೆ ಅದನ್ನೇ ಕೊಳ್ಳಿ ಎನ್ನುವುದರಲ್ಲಿ ನಮಗೆ ಸ್ವಲ್ಪ ಪಕ್ಷಪಾತವೂ ಇರಬಹುದು.

ಯಾವ ಕಂಪನಿಯದ್ದಾದರೂ ಇರಲಿ, ಪೊಟ್ಟಣವನ್ನು ತಿರುಗಿಸಿ ಹಿಂಬದಿ ಓದುವ ಅಭ್ಯಾಸವಿರಲಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಮೊದಲು ಸಕ್ಕರೆ, ಆಮೇಲೆ ತಾಳೆ ಎಣ್ಣೆ ಅಥವಾ ಹೈಡ್ರೋಜನ್ ಸೇರಿಸಿದ ಸಸ್ಯಜನ್ಯ ಕೊಬ್ಬು, ಎಲ್ಲೋ ಕೊನೆಗೆ ಕೋಕೋ ಪುಡಿ ಎಂದಿದ್ದರೆ ಅದು ಕಾಂಪೌಂಡ್. ಕೋಕೋ ಬೆಣ್ಣೆ ಎಂದಿದ್ದರೆ ಅದು ನಿಜವಾದ ಚಾಕೊಲೇಟ್. ಮೊದಲು ಕಾಂಪೌಂಡಿನಲ್ಲಿ ಟ್ರಾನ್ಸ್ ಕೊಬ್ಬಿನ ಭಯ ಹೆಚ್ಚಿತ್ತು. 2022ರ ಜನವರಿಯಿಂದ ಎಣ್ಣೆ ಕೊಬ್ಬುಗಳಲ್ಲಿ ಅದರ ಪ್ರಮಾಣ ಶೇಕಡಾ 2ನ್ನು ಮೀರಬಾರದೆಂಬ ಮಿತಿ ಬಂದ ಮೇಲೆ ಆ ಭಯ ತಗ್ಗಿದೆ. ರುಚಿ ಮಾತ್ರ ಬದಲಾಗಿಲ್ಲ. ಮೇಣ ಜಗಿದಂತೆ ಅಂಗುಳಿಗೆ ಹತ್ತುತ್ತದೆ. ಕೋಕೋ ಬೆಣ್ಣೆ ಕರಗುವುದು ಸುಮಾರು 34 ಡಿಗ್ರಿಗೆ, ಅಂದರೆ ನಮ್ಮ ಬಾಯಿಯ ಬಿಸಿಗಿಂತ ಒಂದಿಷ್ಟು ಕಡಿಮೆಗೆ. ನಿಜವಾದ ಚಾಕೊಲೇಟ್ ನಾಲಿಗೆಯ ಮೇಲೆ ತಾನಾಗಿ ಕರಗುವ ಗುಟ್ಟು ಇದೇ.

ಬೆಲೆಯ ಮಾತನ್ನೂ ಆಡಬೇಕು. 2024ರಲ್ಲಿ ಪಶ್ಚಿಮ ಆಫ್ರಿಕಾದ ಘಾನಾ, ಐವರಿ ಕೋಸ್ಟ್ ದೇಶಗಳಲ್ಲಿ ಫಸಲು ಕೈಕೊಟ್ಟು ಕೋಕೋ ಬೀಜದ ಬೆಲೆ ಟನ್ನಿಗೆ 10,000 ಡಾಲರುಗಳನ್ನೂ ದಾಟಿತ್ತು. ಅಂಥ ಏರಿಳಿತದ ವಸ್ತುವನ್ನು ಕಿಲೋಗಟ್ಟಲೆ ಸುರಿಯುವುದು ನಮ್ಮಂಥ ಮನೆಗಳಿಗೆ ಆಗದ ಮಾತು. ಒಳ್ಳೆಯ ಚಾಕೊಲೇಟನ್ನು ಸ್ವಲ್ಪವೇ ಹಾಕಿ, ಉಳಿದದ್ದನ್ನು ಶೇಂಗಾ ಮತ್ತು ಜೋಳಕ್ಕೆ ಬಿಡುವುದು ಜಾಣತನ.

ಜೋಳದ ಹಿಟ್ಟು ಏಕೆ?

ಜಹೀರಾಬಾದಿನ ಬಳಿಯ ಪಸ್ತಾಪುರದಲ್ಲಿ 1983ರಿಂದ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆ ಕೆಲಸ ಮಾಡುತ್ತಿದೆ. ಹಳ್ಳಿಯ ಬಡ ಹೆಣ್ಣುಮಕ್ಕಳು, ಬಹುಪಾಲು ದಲಿತ ಮಹಿಳೆಯರು, ಸಂಘ ಕಟ್ಟಿಕೊಂಡು ಜೋಳ, ಸಜ್ಜೆ, ನವಣೆ, ಸಾವೆಗಳ ಹಳೆಯ ತಳಿಗಳನ್ನು ಉಳಿಸಿಕೊಂಡ ಕಥೆ ಅದು. ಆ ಸಂಸ್ಥೆಯನ್ನು ಕಟ್ಟಿದವರಲ್ಲಿ ಪ್ರಮುಖರಾದ ಪಿ.ವಿ. ಸತೀಶ್ ಮೈಸೂರಿನವರು, 2023ರ ಮಾರ್ಚಿನಲ್ಲಿ ತೀರಿಕೊಂಡರು. 2008ರಲ್ಲಿ ಮಾಚನೂರಿನಲ್ಲಿ ಶುರುವಾದ ಸಂಘಂ ರೇಡಿಯೋವನ್ನು ನಡೆಸಿದವರೂ ಈ ಮಹಿಳೆಯರೇ. 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಅವರನ್ನು ಹುಡುಕಿಕೊಂಡು ಬಂತು. ರೇಷನ್ ಅಕ್ಕಿಯ ಕಾಲದಲ್ಲಿ ಜೋಳವನ್ನು ಕೈಬಿಡದೆ ಹಿಡಿದವರ ಊರಿನಲ್ಲಿ ಕುಳಿತು ಬರೀ ಮೈದಾದ ಬಾರ್ ಮಾಡುವುದು ಚೆನ್ನಲ್ಲ ಎಂದು ನಮಗೆ ಅನಿಸಿತು.

ಆದರೆ ಪೂರ್ತಿ ಜೋಳ ಹಾಕಿದರೆ ಬಾರ್ ಪುಡಿಪುಡಿಯಾಗುತ್ತದೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ರೊಟ್ಟಿ ಬಡಿಯುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಆದ್ದರಿಂದ ಗೋಧಿ ಸ್ವಲ್ಪ ಹೆಚ್ಚು, ಜೋಳ ಸ್ವಲ್ಪ ಕಡಿಮೆ. ಹಿಟ್ಟು ಹೊಸದಾಗಿ ಬೀಸಿದ್ದಾಗಿರಲಿ. ಹಳೆಯದಾದರೆ ಕಹಿ ಬರುತ್ತದೆ.

ಮಾಡುವ ಬಗೆ

20 ಸೆಂಟಿಮೀಟರ್ ಚೌಕದ ಒಂದು ತಟ್ಟೆಗೆ ಬೇಕಾಗುವುದು ಇಷ್ಟು: ಕಪ್ಪು ಚಾಕೊಲೇಟ್ 150 ಗ್ರಾಂ, ಬೆಣ್ಣೆ 100 ಗ್ರಾಂ, ಪುಡಿ ಮಾಡಿ ಜರಡಿ ಹಿಡಿದ ಬೆಲ್ಲ 150 ಗ್ರಾಂ, ಮೊಟ್ಟೆ 2, ಗೋಧಿ ಹಿಟ್ಟು 60 ಗ್ರಾಂ, ಜೋಳದ ಹಿಟ್ಟು 40 ಗ್ರಾಂ, ಕೋಕೋ ಪುಡಿ 20 ಗ್ರಾಂ, ಬೇಕಿಂಗ್ ಪೌಡರ್ ಕಾಲು ಚಮಚ, ಚಿಟಿಕೆ ಉಪ್ಪು, ಹುರಿದು ತರಿತರಿಯಾಗಿ ಕುಟ್ಟಿದ ಶೇಂಗಾ 100 ಗ್ರಾಂ, ಗೋಡಂಬಿ ಚೂರು 50 ಗ್ರಾಂ. ಗೋಡಂಬಿ ಬೇಡವೆಂದರೆ ಅಷ್ಟೇ ತೂಕದ ಪುಟಾಣಿ ಮತ್ತು ಎಳ್ಳು.

ಬೆಲ್ಲ ಕೊಳ್ಳುವಾಗ ಬಂಗಾರದ ಬಣ್ಣಕ್ಕೆ ಮರುಳಾಗಬೇಡಿ. ಬಣ್ಣ ತಿಳಿಯಾಗಲೆಂದು ರಾಸಾಯನಿಕ ಹಾಕುವುದುಂಟು. ಈ ಕೆಲಸಕ್ಕೆ ಕಂದು ಬೆಲ್ಲವೇ ಚೆನ್ನ. ಅದರ ಗಾಢ ರುಚಿ ಚಾಕೊಲೇಟಿನೊಡನೆ ಸೇರಿಹೋಗುತ್ತದೆ. ಬೆಲ್ಲದಲ್ಲಿ ಮಣ್ಣು, ಕಡ್ಡಿ ಇದ್ದರೆ ನೀರಿನಲ್ಲಿ ಕರಗಿಸಿ ಸೋಸೋಣ ಎಂದು ತೋರುತ್ತದೆ. ಇಲ್ಲಿ ಹಾಗೆ ಮಾಡಕೂಡದು. ಕರಗಿದ ಚಾಕೊಲೇಟಿಗೆ ಸ್ವಲ್ಪ ನೀರು ತಗಲಿದರೂ ಅದು ಗಂಟುಕಟ್ಟಿ ಮಣ್ಣಿನ ಹೆಂಟೆಯಂತಾಗುತ್ತದೆ. ಒಣ ಬೆಲ್ಲವನ್ನು ಕುಟ್ಟಿ ಜರಡಿ ಹಿಡಿಯುವುದೇ ದಾರಿ.

ಒಂದು ಪಾತ್ರೆಯಲ್ಲಿ ಎರಡು ಬೆರಳು ನೀರು ಕಾಯಿಸಿ, ಒಲೆ ಸಣ್ಣಗೆ ಮಾಡಿ, ಅದರ ಮೇಲೆ ಒಣಗಿದ ಬೋಗುಣಿ ಇಟ್ಟು ಚಾಕೊಲೇಟ್ ಚೂರು ಮತ್ತು ಬೆಣ್ಣೆ ಕರಗಿಸಿ. ಬೋಗುಣಿಯ ತಳ ನೀರಿಗೆ ತಾಗಬಾರದು, ಆವಿ ಒಳಕ್ಕೆ ನುಗ್ಗಬಾರದು. ಇಳಿಸಿ ಬೆರಳಿಗೆ ಸಹಿಸುವಷ್ಟು ಆರಿಸಿ. ಬೆಲ್ಲ ಬೆರೆಸಿ, ಆಮೇಲೆ ಒಂದೊಂದೇ ಮೊಟ್ಟೆ ಒಡೆದು ಹಾಕಿ ಹೊಳಪು ಬರುವವರೆಗೆ ಕಲಸಿ. ಬಿಸಿಯಿರುವಾಗಲೇ ಮೊಟ್ಟೆ ಹಾಕಿದರೆ ಅದು ಬುರ್ಜಿಯಾಗುತ್ತದೆ. ಹಿಟ್ಟುಗಳನ್ನು ಕೋಕೋ, ಉಪ್ಪು, ಬೇಕಿಂಗ್ ಪೌಡರಿನೊಡನೆ ಜರಡಿ ಹಿಡಿದು ಸೇರಿಸಿ. ಇಲ್ಲಿಂದ ಮುಂದೆ ಕೈ ಹಗುರವಿರಲಿ. ಹಿಟ್ಟು ಕಾಣದಾಯಿತೆಂದರೆ ಕಲಸುವುದನ್ನು ನಿಲ್ಲಿಸಿ, ಶೇಂಗಾ ಹಾಕಿ, ಬಟರ್ ಪೇಪರ್ ಹಾಸಿದ ತಟ್ಟೆಗೆ ಸುರಿಯಿರಿ. ಓವನ್ ಇದ್ದವರು 175 ಡಿಗ್ರಿಯಲ್ಲಿ ಸುಮಾರು 25 ನಿಮಿಷ ಇಡಬೇಕು. ಕಡ್ಡಿ ಚುಚ್ಚಿದರೆ ಅದಕ್ಕೆ ಒಂದೆರಡು ತೇವದ ಪುಡಿ ಅಂಟಿಬರಬೇಕು. ಕೇಕಿನಂತೆ ಕಡ್ಡಿ ಪೂರ್ತಿ ಒಣಗಿ ಬಂದರೆ ಹೊತ್ತು ಮೀರಿತೆಂದೇ ಅರ್ಥ.

"ಓವನ್ ಇಲ್ದ ಹ್ಯಾಂಗ್ ಆಗ್ತದ್ರಿ?" ಎಂದು ಕೇಳುವ ಅಕ್ಕಂದಿರೇ ಹೆಚ್ಚು. ಆಗುತ್ತದೆ. ದಪ್ಪ ತಳದ ಹಳೆಯ ಪಾತ್ರೆಯ ತಳಕ್ಕೆ ಅರ್ಧ ಅಂಗುಲ ಉಪ್ಪು ಹರಡಿ, ಮೇಲೆ ಒಂದು ಸಣ್ಣ ಸ್ಟ್ಯಾಂಡ್ ಇಟ್ಟು, ಬಿಗಿಯಾದ ಮುಚ್ಚಳ ಮುಚ್ಚಿ ಹತ್ತು ನಿಮಿಷ ಕಾಯಿಸಿ. ಮೇಲೆ ಹೇಳಿದ ಅಳತೆಯ ಅರ್ಧದಷ್ಟನ್ನು 15 ಸೆಂಟಿಮೀಟರಿನ ದುಂಡು ತಟ್ಟೆಯಲ್ಲಿ ಹಾಕಿ ಸಣ್ಣ ಉರಿಯಲ್ಲಿ 35ರಿಂದ 40 ನಿಮಿಷ ಬೇಯಿಸಿ. ಕುಕ್ಕರನ್ನೇ ಬಳಸುವವರು ಸೀಟಿಯನ್ನೂ ರಬ್ಬರನ್ನೂ ಕಡ್ಡಾಯವಾಗಿ ತೆಗೆದಿಡಬೇಕು. ಸೀಲಾದ ಕುಕ್ಕರನ್ನು ನೀರಿಲ್ಲದೆ ಕಾಯಿಸುವುದು ಅಪಾಯ. ನಡುವೆ ಮುಚ್ಚಳ ತೆಗೆದು ಇಣುಕುವ ಚಪಲ ಬೇಡ. ತಟ್ಟೆ ದುಂಡಗಿದ್ದರೂ ಬಾರ್ ಉದ್ದಕ್ಕೇ ಕತ್ತರಿಸಬಹುದು; ಅಂಚಿನ ವಕ್ರ ತುಂಡುಗಳನ್ನು ತಿನ್ನಲು ಮನೆಯಲ್ಲಿ ಜನ ಇದ್ದೇ ಇರುತ್ತಾರೆ. ಇನ್ನೊಂದು ಹಳೆಯ ದಾರಿಯೂ ಉಂಟು: ಮನೆಯಲ್ಲಿ ಕಲಸಿದ್ದನ್ನು ಬೇಕರಿಗೆ ಒಯ್ದು ಅಲ್ಲಿಯ ಭಟ್ಟಿಯಲ್ಲಿ ಬೇಯಿಸಿಕೊಂಡು ಬರುವ ರೂಢಿ ಹೈದರಾಬಾದ್ ಸೀಮೆಗೆ ಹೊಸದಲ್ಲ. ಪರಿಚಯದ ಬೇಕರಿಯವರಿದ್ದರೆ ಕೇಳಿನೋಡಬಹುದು.

ಎಲ್ಲ ಮನೆಗಳಿಗೂ ಹೋಗುವ ತಟ್ಟೆ

ಕ್ರಿಸ್‌ಮಸ್ ತಿಂಡಿಯನ್ನು ನಾವು ನಮಗಾಗಿ ಮಾಡುವುದಕ್ಕಿಂತ ಹೆಚ್ಚು ಕೇರಿಗಾಗಿ ಮಾಡುತ್ತೇವೆ. ಈ ಊರುಗಳಲ್ಲಿ ಎಡಗಡೆ ಮನೆ ಲಿಂಗಾಯತರದ್ದು, ಬಲಗಡೆ ಮನೆ ಮುಸಲ್ಮಾನರದ್ದು, ಎದುರು ಮನೆಯವರು ತೆಲುಗರು. ದಸರೆಗೆ ಬನ್ನಿ ಕೊಟ್ಟವರಿಗೆ, ರಂಜಾನಿಗೆ ಶೀರ್‌ಖುರ್ಮಾ ಕಳಿಸಿದವರಿಗೆ ನಾವು ಕೊಡುವ ತಟ್ಟೆಯಲ್ಲಿ ಅವರು ತಿನ್ನಲಾರದ್ದು ಇದ್ದರೆ, ಅವರು ನಗುತ್ತಲೇ ತೆಗೆದುಕೊಂಡು ಒಳಗಿಡುತ್ತಾರೆ. ಅದು ನಮಗೆ ಗೊತ್ತಾಗುವುದೂ ಇಲ್ಲ. ಆದ್ದರಿಂದ ಒಂದು ತಟ್ಟೆಯನ್ನು ಮೊಟ್ಟೆಯಿಲ್ಲದೆ ಮಾಡುವುದು ಒಳ್ಳೆಯದು. ಎರಡು ಮೊಟ್ಟೆಯ ಬದಲು 120 ಗ್ರಾಂ ಗಟ್ಟಿ ಮೊಸರಿಗೆ ಅರ್ಧ ಚಮಚ ಅಡುಗೆ ಸೋಡಾ ಬೆರೆಸಿ, ನೊರೆ ಬಂದ ಮೇಲೆ ಹಾಕಿ. ಗಟ್ಟಿಯೆನಿಸಿದರೆ ಹಿಟ್ಟು ಹಾಕಿದ ಮೇಲೆ ಮೂರು ನಾಲ್ಕು ಚಮಚ ಹಾಲು. ಬಾರ್ ಸ್ವಲ್ಪ ಮೆದುವಾಗುತ್ತದೆ, ಅಷ್ಟೇ. ಅದಕ್ಕೆ ಬೇರೆ ಪಾತ್ರೆ, ಬೇರೆ ಚಾಕು ಬಳಸಿ. ಕೊಡುವಾಗ "ಇದರಾಗ ತತ್ತಿ ಹಾಕಿಲ್ರಿ, ಪಾತ್ರಿನೂ ಬ್ಯಾರೆ" ಎಂದು ಬಾಯಿಬಿಟ್ಟು ಹೇಳಿ. ಆ ಒಂದು ಮಾತಿಗೆ ಚಾಕೊಲೇಟಿಗಿಂತ ಹೆಚ್ಚು ಬೆಲೆಯಿದೆ.

ಶೇಂಗಾ, ಗೋಡಂಬಿ, ಎಳ್ಳು ಹಾಕಿದೆ ಎಂಬುದನ್ನೂ ಹೇಳಲೇಬೇಕು. ಕೆಲವರಿಗೆ ಇವು ಆಗಿಬರುವುದಿಲ್ಲ. ತಿಂದ ಕೆಲವೇ ಹೊತ್ತಿನಲ್ಲಿ ತುಟಿ ಊದಿಕೊಂಡು, ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿದಂತಾದರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಓಡಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಕಾಳು ಗಂಟಲಲ್ಲಿ ಸಿಕ್ಕುವ ಅಪಾಯವಿದೆ. ಅವರ ಪಾಲಿಗೆ ಶೇಂಗಾವನ್ನು ನುಣ್ಣಗೆ ಪುಡಿ ಮಾಡಿ ಬೇರೆಯಾಗಿ ಬೇಯಿಸಿ. ಇನ್ನು ಹಿರಿಯರ ವಿಷಯ: ಬೆಲ್ಲ ಹಾಕಿದ ಮಾತ್ರಕ್ಕೆ ಸಕ್ಕರೆ ಕಾಯಿಲೆಯವರಿಗೆ ತೊಂದರೆಯಿಲ್ಲ ಎಂಬುದು ತಪ್ಪು. ರಕ್ತಕ್ಕೆ ಬೆಲ್ಲವೂ ಸಕ್ಕರೆಯೇ. ಅಜ್ಜನಿಗೆ ಕೊಡುವುದಾದರೆ ಕಿರುಬೆರಳಷ್ಟು ಕೊಡಿ.

ತಾಂಡೂರು ಕಲ್ಲಿನ ಮೇಲೆ ಚಿಕ್ಕಿ

ಬೇಕ್ ಮಾಡುವ ಗೋಜೇ ಬೇಡವೆನ್ನುವವರಿಗೆ ನಮ್ಮ ಹಳೆಯ ಚಿಕ್ಕಿಯೇ ಗತಿ. ಮೇಲೊಂದು ಪದರ ಚಾಕೊಲೇಟ್. ಇದಕ್ಕೆ ತಾಂಡೂರು ಕಲ್ಲಿನಷ್ಟು ಹೇಳಿ ಮಾಡಿಸಿದ್ದು ಇನ್ನೊಂದಿಲ್ಲ. ತಾಂಡೂರು, ಬಶೀರಾಬಾದ್ ಕಡೆಯ ಗಣಿಗಳಿಂದ ಬರುವ ಈ ನೀಲಿ ಕಲ್ಲು ಶಹಾಬಾದ್ ಕಲ್ಲಿನ ಒಡಹುಟ್ಟಿದಂಥದ್ದು. ಎರಡೂ ಸುಣ್ಣದ ಕಲ್ಲೇ. ಪರದೇಶದಲ್ಲಿ ಚಾಕೊಲೇಟ್ ಕೆಲಸದವರು ಅಮೃತಶಿಲೆಯ ಹಲಗೆಗೆ ದುಡ್ಡು ಸುರಿಯುತ್ತಾರೆ, ಏಕೆಂದರೆ ಕಲ್ಲು ತಣ್ಣಗಿದ್ದು ಬಿಸಿಯನ್ನು ಬೇಗ ಹೀರುತ್ತದೆ. ನಮ್ಮ ಮನೆಗಳಲ್ಲಿ ಅದೇ ಗುಣದ ಕಲ್ಲು ಕಾಲಡಿಗಿದೆ, ಅಡುಗೆಕಟ್ಟೆಯ ಮೇಲೂ ಇದೆ! ಪಾಲಿಶ್ ಮಾಡಿದ ಒಂದು ತುಂಡನ್ನು ಇದಕ್ಕೆಂದೇ ತೊಳೆದು ಒಣಗಿಸಿಟ್ಟುಕೊಳ್ಳಿ. ನಿಂಬೆರಸ, ಹುಣಸೆರಸ ಅದರ ಮೇಲೆ ಚೆಲ್ಲಬೇಡಿ, ಕಲೆ ನಿಲ್ಲುತ್ತದೆ.

250 ಗ್ರಾಂ ಹುರಿದು ಸಿಪ್ಪೆ ತೆಗೆದ ಶೇಂಗಾಕ್ಕೆ 200 ಗ್ರಾಂ ಬೆಲ್ಲ ಸಾಕು. ಇಲ್ಲಿ ಬೆಲ್ಲವನ್ನು ನೀರಿನಲ್ಲಿ ಕರಗಿಸಿ ಧಾರಾಳವಾಗಿ ಸೋಸಬಹುದು. ಒಂದು ಚಮಚ ತುಪ್ಪ ಹಾಕಿ ಕುದಿಸುತ್ತಾ, ಒಂದು ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡಿ. ಮೆದು ಉಂಡೆಯಾದರೆ ಇನ್ನೂ ಆಗಿಲ್ಲ. ಕಟ್ಟನೆ ಮುರಿಯುವಂತಾದರೆ ಪಾಕ ಬಂತು. ಕೂಡಲೇ ಶೇಂಗಾ ಹಾಕಿ ತಿರುವಿ, ತುಪ್ಪ ಸವರಿದ ಕಲ್ಲಿನ ಮೇಲೆ ಸುರಿದು ಲಟ್ಟಣಿಗೆಯಿಂದ ಸಮ ಮಾಡಿ, ತಡಮಾಡದೆ ಚಾಕುವಿನಿಂದ ಗೆರೆ ಎಳೆದುಬಿಡಿ. ಚಾಕೊಲೇಟ್ ಹಾಕಿದ ಮೇಲೆ ಕತ್ತರಿಸೋಣವೆಂದರೆ ಚಿಕ್ಕಿ ಆಗಲೇ ಕಲ್ಲಾಗಿರುತ್ತದೆ. ಚಿಕ್ಕಿ ಮುಟ್ಟಬಹುದಾದಷ್ಟು ಬೆಚ್ಚಗಿರುವಾಗ 100 ಗ್ರಾಂ ಚಾಕೊಲೇಟನ್ನು ಸಣ್ಣಗೆ ಹೆಚ್ಚಿ ಮೇಲೆ ಉದುರಿಸಿ. ಎರಡು ನಿಮಿಷದಲ್ಲಿ ಅದು ಮೆತ್ತಗಾಗುತ್ತದೆ. ಚಮಚದ ಹಿಂಬದಿಯಿಂದ ಹರಡಿ, ಎಳ್ಳು ಉದುರಿಸಿ. ಎರಡು ದಿನ ಬಿಟ್ಟು ಮೇಲೆ ಬೂದಿಯಂತೆ ಬಿಳುಪು ಕಂಡರೆ ಅದು ಬೂಸ್ಟಲ್ಲ, ಕೋಕೋ ಬೆಣ್ಣೆ ಮೇಲಕ್ಕೆ ಬಂದದ್ದು, ತಿನ್ನಲು ಅಡ್ಡಿಯಿಲ್ಲ.

ಚಾಕೊಲೇಟಿನ ಕೆಲಸಕ್ಕೆ ಡಿಸೆಂಬರೇ ಒಳ್ಳೆಯ ತಿಂಗಳು. ಜಹೀರಾಬಾದಿನ ಪಕ್ಕದ ಕೊಹೀರಿನ ಚಳಿ ತೆಲಂಗಾಣದ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಸುದ್ದಿಯಾಗುತ್ತದೆ. ಆ ಚಳಿಯಲ್ಲಿ ಫ್ರಿಜ್ ಇಲ್ಲದೆಯೇ ಪದರ ಗಟ್ಟಿಯಾಗುತ್ತದೆ. ಮೇ ತಿಂಗಳಲ್ಲಿ ಇದೇ ಕೆಲಸಕ್ಕೆ ಕೈಹಾಕಿದರೆ ಬಾರ್ ಹೋಗಿ ಸಾರಾಗುತ್ತದೆ.

ಮಾರುವ ಯೋಚನೆ ಇದ್ದರೆ

ಕೆಲವು ಅಕ್ಕತಂಗಿಯರು ಹಬ್ಬದ ಹೊತ್ತಿಗೆ ಆರ್ಡರ್ ಹಿಡಿದು ಮಾಡಿಕೊಡುವ ಯೋಚನೆಯಲ್ಲಿದ್ದಾರೆ. ಸಂತೋಷ. ಆದರೆ ಲೆಕ್ಕ ಸರಿಯಿರಲಿ. ಮೇಲೆ ಹೇಳಿದ ಚೌಕ ತಟ್ಟೆಯಲ್ಲಿ 16 ಬಾರ್ ಆಗುತ್ತವೆ. ಚಾಕೊಲೇಟ್, ಬೆಣ್ಣೆಯ ಬೆಲೆಯನ್ನು ಎಲ್ಲರೂ ಬರೆದುಕೊಳ್ಳುತ್ತಾರೆ. ಗ್ಯಾಸು, ಡಬ್ಬಿ, ಕಾಗದ, ಆರಿಸಿ ಎಸೆದ ಶೇಂಗಾ, ಒಡೆದುಹೋದ ತುಂಡು ಇವನ್ನು ಬಿಟ್ಟುಬಿಡುತ್ತಾರೆ. ತಮ್ಮ ಕೂಲಿಯನ್ನಂತೂ ಯಾರೂ ಬರೆಯುವುದೇ ಇಲ್ಲ. ಕಾಳು ಆರಿಸುವುದರಿಂದ ಹಿಡಿದು ಪಾತ್ರೆ ತೊಳೆಯುವವರೆಗೆ ಎಷ್ಟು ತಾಸು ಆಯಿತೆಂದು ಗಡಿಯಾರ ನೋಡಿ ಬರೆಯಿರಿ. ಆ ಮೊತ್ತ ಸೇರಿಸಿದ ಮೇಲೂ ಜನ ಕೊಳ್ಳುವ ಬೆಲೆಯಾದರೆ ಮಾತ್ರ ಮಾರಿ. ಬೇಕರಿಯ ಬೆಲೆಗೆ ಪೈಪೋಟಿ ಮಾಡಲು ಹೋಗಬೇಡಿ. ಅವರು ಕಾಂಪೌಂಡ್ ಬಳಸುವ ಕಡೆ ನೀವು ಚಾಕೊಲೇಟ್ ಬಳಸುತ್ತಿದ್ದೀರಿ ಎಂಬುದನ್ನೇ ಹೇಳಿ ಮಾರಬೇಕು.

ಮನೆಯಲ್ಲಿ ಮಾಡಿದ್ದಾದರೂ ಮಾರುವುದಾದರೆ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ಪ್ರಕಾರ ನೋಂದಣಿ ಬೇಕು. ಇದನ್ನು ಅಂತರಜಾಲದಲ್ಲಿ ಅಥವಾ ಊರಿನ ಮೀಸೇವಾ ಕೇಂದ್ರದಲ್ಲಿ ವಿಚಾರಿಸಬಹುದು. ಡಬ್ಬಿಯ ಮೇಲೆ ಏನೇನು ಹಾಕಿದೆ, ಯಾವತ್ತು ಮಾಡಿದ್ದು, ಮೊಟ್ಟೆ ಇದೆಯೇ ಇಲ್ಲವೇ ಎಂಬುದು ಇರಲಿ. ಈ ಸೀಮೆಯಲ್ಲಿ ಅದನ್ನು ಕನ್ನಡದಲ್ಲಷ್ಟೇ ಬರೆದರೆ ಸಾಲದು, ತೆಲುಗಿನಲ್ಲೂ ಬರೆಯಿರಿ. ನಿಮಗೆ ಬರೆಯಲು ಬಾರದಿದ್ದರೆ ಶಾಲೆಗೆ ಹೋಗುವ ಮಕ್ಕಳಿಗೆ ಬರುತ್ತದೆ.

ಬೇಯಿಸಿದ ಬಾರನ್ನು ಪೂರ್ತಿ ಆರಿದ ಮೇಲೆಯೇ, ಅಂದರೆ ಮೂರು ತಾಸಾದರೂ ಬಿಟ್ಟು, ಬಿಸಿನೀರಿನಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಿ. ಚಳಿಗಾಲದಲ್ಲಿ ಬಿಗಿ ಡಬ್ಬಿಯಲ್ಲಿ ನಾಲ್ಕೈದು ದಿನ ಚೆನ್ನಾಗಿರುತ್ತದೆ. ಚಿಕ್ಕಿಯ ಬಾರ್ ಇನ್ನೂ ಹೆಚ್ಚು ದಿನ ಬಾಳುತ್ತದೆ. ಎರಡನ್ನೂ ಒಂದೇ ಡಬ್ಬಿಗೆ ಹಾಕಬೇಡಿ, ಬೇಯಿಸಿದ್ದರ ತೇವಕ್ಕೆ ಚಿಕ್ಕಿ ಅಂಟಂಟಾಗುತ್ತದೆ. ಬಸ್ಸಿನಲ್ಲಿ ಬೀದರಿಗೋ ಸೇಡಮ್ಮಿಗೋ ತವರಿಗೆ ಒಯ್ಯುವವರು ಪದರಗಳ ನಡುವೆ ಬಟರ್ ಪೇಪರ್ ಇಟ್ಟು, ಡಬ್ಬಿಯನ್ನು ಇಂಜಿನ್ ಪಕ್ಕದ ಸೀಟಿನ ಕೆಳಗೆ ಇಡದೆ ತೊಡೆಯ ಮೇಲೆ ಇಟ್ಟುಕೊಳ್ಳಿ.